ಎಡ್ಮಂಡ್ ಆಲ್ಬಿಯಸ್

ಎಡ್ಮಂಡ್ ಆಲ್ಬಿಯಸ್ (1829 – 9 ಆಗಸ್ಟ್ 1880) ಹಿಂದೂ ಮಹಾಸಾಗರದ ಬೋರ್ಬನ್ ದ್ವೀಪದಲ್ಲಿ (ಇಂದಿನ ರಿಯೂನಿಯನ್) ಗುಲಾಮನಾಗಿ ಹುಟ್ಟಿ, ತನ್ನ 12ನೆಯ ವಯಸ್ಸಿನಲ್ಲಿ ವೆನಿಲ್ಲಾ ಹೂವಿಗೆ ಕೈಯಿಂದ ಪರಾಗಸ್ಪರ್ಶ ಮಾಡುವ ಸುಲಭ ಹಾಗೂ ವೇಗದ ವಿಧಾನವನ್ನು ಕಂಡುಹಿಡಿದ ತೋಟಗಾರ. 1841ರಲ್ಲಿ ಈತ ತೋರಿಸಿಕೊಟ್ಟ ಈ ವಿಧಾನದಿಂದಾಗಿ, ಅಲ್ಲಿಯವರೆಗೆ ಬಹುಮಟ್ಟಿಗೆ ಮೆಕ್ಸಿಕೋ ದೇಶಕ್ಕೆ ಸೀಮಿತವಾಗಿದ್ದ ವೆನಿಲ್ಲಾ ಬೆಳೆಯು ಉಷ್ಣವಲಯದ ಅನೇಕ ದೇಶಗಳಿಗೆ ಹರಡಿತು. ಕರ್ನಾಟಕದ ಮಲೆನಾಡು ಮತ್ತು ಕರಾವಳಿಯ ಅಡಿಕೆ ತೋಟಗಳಲ್ಲಿ ವೆನಿಲ್ಲಾ ಬೆಳೆಯುವ ರೈತರು ಇಂದಿಗೂ ಹೂವನ್ನು ಕೂಡಿಸುವುದು ಇದೇ ವಿಧಾನದಿಂದ. ಕೋಟ್ಯಂತರ ರೂಪಾಯಿಗಳ ಉದ್ಯಮಕ್ಕೆ ಅಡಿಪಾಯ ಹಾಕಿದ ಆಲ್ಬಿಯಸ್‌ಗೆ ತನ್ನ ಆವಿಷ್ಕಾರದಿಂದ ಯಾವ ಆರ್ಥಿಕ ಲಾಭವೂ ದೊರೆಯಲಿಲ್ಲ. ಆತ ಬಡತನದಲ್ಲಿಯೇ ತೀರಿಕೊಂಡನು.

ಹಿನ್ನೆಲೆ: ಕಾಯಿ ಕಟ್ಟದ ಬಳ್ಳಿ

ವೆನಿಲ್ಲಾ ಆರ್ಕಿಡ್ ಅಥವಾ ಸೀತಾಳೆ ಕುಟುಂಬಕ್ಕೆ ಸೇರಿದ ಬಳ್ಳಿ. ವಾಣಿಜ್ಯ ದೃಷ್ಟಿಯಿಂದ ಮುಖ್ಯವಾದ ಪ್ರಭೇದದ ಸಸ್ಯಶಾಸ್ತ್ರೀಯ ಹೆಸರು ವೆನಿಲ್ಲಾ ಪ್ಲಾನಿಫೋಲಿಯಾ. ಇದರ ತವರು ಮೆಕ್ಸಿಕೋ ಮತ್ತು ಮಧ್ಯ ಅಮೆರಿಕದ ಕಾಡುಗಳು. ಮೆಕ್ಸಿಕೋದ ಪೂರ್ವ ಕರಾವಳಿಯ ಟೊಟೊನಾಕ್ ಜನರು ಇದರ ಕೋಡುಗಳನ್ನು ಬಹಳ ಹಿಂದಿನಿಂದಲೂ ಬಳಸುತ್ತಿದ್ದರು. ಅವರನ್ನು ಗೆದ್ದ ಆಜ್ಟೆಕರು ವೆನಿಲ್ಲಾವನ್ನು ಕೋಕೋ ಪಾನೀಯಕ್ಕೆ ಬೆರೆಸಿ ಕುಡಿಯುತ್ತಿದ್ದರು. 16ನೆಯ ಶತಮಾನದಲ್ಲಿ ಸ್ಪೇನ್ ದೇಶದವರ ಮೂಲಕ ವೆನಿಲ್ಲಾ ಯುರೋಪನ್ನು ತಲುಪಿ, ಅಲ್ಲಿನ ಶ್ರೀಮಂತರ ಅಡುಗೆಮನೆಯ ದುಬಾರಿ ಪರಿಮಳವಾಯಿತು.

ಬೇಡಿಕೆ ಹೆಚ್ಚಿದಂತೆ ಯುರೋಪಿನ ರಾಷ್ಟ್ರಗಳು ಬಳ್ಳಿಯ ತುಂಡುಗಳನ್ನು ತಮ್ಮ ಸಸ್ಯೋದ್ಯಾನಗಳಿಗೂ ವಸಾಹತುಗಳಿಗೂ ಒಯ್ದವು. ಬಳ್ಳಿ ಹಬ್ಬಿತು, ಹೂ ಬಿಟ್ಟಿತು, ಆದರೆ ಕಾಯಿ ಕಟ್ಟಲಿಲ್ಲ. ಇದಕ್ಕೆ ಕಾರಣ ಹೂವಿನ ರಚನೆಯಲ್ಲಿಯೇ ಇತ್ತು. ವೆನಿಲ್ಲಾ ಹೂವಿನಲ್ಲಿ ಪರಾಗವನ್ನು ಹೊತ್ತ ಗಂಡು ಭಾಗ ಮತ್ತು ಪರಾಗವನ್ನು ಸ್ವೀಕರಿಸುವ ಹೆಣ್ಣು ಭಾಗ ಎರಡೂ ಒಂದೇ ಕಂಬದಲ್ಲಿ ಇರುತ್ತವೆ. ಇವೆರಡರ ನಡುವೆ ರಾಸ್ಟೆಲ್ಲಮ್ ಎಂಬ ನಾಲಗೆಯಂತಹ ತೆಳುವಾದ ಪೊರೆಯೊಂದು ಅಡ್ಡಲಾಗಿರುತ್ತದೆ. ಆದ್ದರಿಂದ ಹೂವು ತಾನಾಗಿಯೇ ಫಲಿಸುವುದು ಬಹಳ ಅಪರೂಪ. ತವರು ನೆಲದಲ್ಲಿ ಅಲ್ಲಿನ ಕೆಲವು ದೇಶೀ ಜೇನ್ನೊಣಗಳು ಈ ಕೆಲಸವನ್ನು ಮಾಡುತ್ತವೆ. ಹೊರದೇಶಗಳಲ್ಲಿ ಅಂತಹ ಜೇನ್ನೊಣಗಳು ಇರಲಿಲ್ಲ. ಅಲ್ಲದೆ ಹೂವು ಮುಂಜಾನೆ ಅರಳಿ ಮಧ್ಯಾಹ್ನದ ವೇಳೆಗೆ ಬಾಡಿಹೋಗುತ್ತದೆ. ಅಷ್ಟರೊಳಗೆ ಪರಾಗಸ್ಪರ್ಶ ನಡೆಯದಿದ್ದರೆ ಉದುರಿಬೀಳುತ್ತದೆ.

1836ರಲ್ಲಿ ಬೆಲ್ಜಿಯಂ ದೇಶದ ಲಿಯೇಜ್ ನಗರದ ಸಸ್ಯವಿಜ್ಞಾನಿ ಚಾರ್ಲ್ಸ್ ಮೊರೆನ್ ಗಾಜಿನ ಮನೆಯಲ್ಲಿ ಕೃತಕ ಪರಾಗಸ್ಪರ್ಶ ನಡೆಸಿ ಕಾಯಿ ಪಡೆದನು. ಅದಾದ ಸ್ವಲ್ಪ ಕಾಲದಲ್ಲಿಯೇ ಪ್ಯಾರಿಸ್‌ನಲ್ಲಿ ನ್ಯೂಮನ್ ಎಂಬ ಉದ್ಯಾನಪಾಲಕನೂ ಇಂತಹ ಪ್ರಯೋಗದಲ್ಲಿ ಯಶಸ್ಸು ಕಂಡನು. ಆದರೆ ಈ ಪ್ರಯೋಗಗಳು ಸಸ್ಯೋದ್ಯಾನದ ಗೋಡೆಗಳೊಳಗೆ ಉಳಿದವು. ದಿನಕ್ಕೆ ನೂರಾರು ಹೂವುಗಳನ್ನು ತೋಟದಲ್ಲಿ ನಿಂತು ಕೂಡಿಸಲು ಬೇಕಾದ ಸರಳ ಕ್ರಮ ಅವುಗಳಿಂದ ಬೆಳೆಗಾರರಿಗೆ ದೊರೆಯಲಿಲ್ಲ.

ಫ್ರಾನ್ಸಿನ ವಸಾಹತಾಗಿದ್ದ ಬೋರ್ಬನ್ ದ್ವೀಪಕ್ಕೆ ವೆನಿಲ್ಲಾ ಬಳ್ಳಿಯನ್ನು 1819ರಿಂದ 1822ರ ನಡುವೆ ಹಲವು ಬಾರಿ ತರಲಾಯಿತು. ದ್ವೀಪದ ಬೆಳೆಗಾರರು ಅದನ್ನು ನೆಟ್ಟು ವರ್ಷಗಟ್ಟಲೆ ಕಾದರು. ಬಹುಪಾಲು ಬಳ್ಳಿಗಳು ಫಲ ನೀಡದೆ ಅಲಂಕಾರಕ್ಕಷ್ಟೇ ಉಳಿದವು.

ಜನನ ಮತ್ತು ಬಾಲ್ಯ

ಎಡ್ಮಂಡ್ 1829ರಲ್ಲಿ ದ್ವೀಪದ ಉತ್ತರ ಭಾಗದ ಸೇಂಟ್ ಸುಜಾನ್ ಎಂಬ ಊರಿನಲ್ಲಿ ಜನಿಸಿದನು. ತಾಯಿ ಮೆಲಿಸ್ ಗುಲಾಮ ಹೆಂಗಸು. ಹೆರಿಗೆಯ ಸಮಯದಲ್ಲಿಯೇ ಆಕೆ ತೀರಿಕೊಂಡಳು. ತಂದೆಯ ಹೆಸರು ಪಾಂಫಿಲ್, ಆತನೂ ಗುಲಾಮನಾಗಿದ್ದನು. ಅಂದಿನ ಕಾನೂನಿನಂತೆ ಗುಲಾಮ ತಾಯಿಯ ಮಗು ಹುಟ್ಟಿದ ಗಳಿಗೆಯಿಂದಲೇ ಒಡೆಯರ ಸ್ವತ್ತು. ಗುಲಾಮರಿಗೆ ಮನೆತನದ ಹೆಸರು ಇಟ್ಟುಕೊಳ್ಳುವ ಹಕ್ಕಿರಲಿಲ್ಲ. ಆದ್ದರಿಂದ ಮಗುವಿಗೆ ಎಡ್ಮಂಡ್ ಎಂಬ ಒಂದೇ ಹೆಸರು ಇತ್ತು.

ಮೆಲಿಸ್‌ಳ ಒಡತಿಯು ಅನಾಥ ಮಗುವನ್ನು ತನ್ನ ಸಹೋದರ ಫೆರಿಯೋಲ್ ಬೆಲಿಯೆ ಬೋಮೋಂ ಎಂಬ ಜಮೀನುದಾರನ ವಶಕ್ಕೆ ಕೊಟ್ಟಳು. ಸೇಂಟ್ ಸುಜಾನ್‌ನ ಬೆಲ್‌ವ್ಯೂ ಎಂಬಲ್ಲಿ ಆತನ ತೋಟವಿತ್ತು. ಬೋಮೋಂ ಗಿಡಮರಗಳ ವಿಷಯದಲ್ಲಿ ಅಪಾರ ಆಸಕ್ತಿಯುಳ್ಳವನು. ಅಪರೂಪದ ಸಸ್ಯಗಳನ್ನು ಸಂಗ್ರಹಿಸಿ ಬೆಳೆಸುತ್ತಿದ್ದನು. ಬಾಲಕ ಎಡ್ಮಂಡ್ ಆತನ ಹಿಂದೆಯೇ ತೋಟವನ್ನೆಲ್ಲ ಸುತ್ತುತ್ತ ಹೂವಿನ ಭಾಗಗಳು, ಕಸಿ ಕಟ್ಟುವುದು, ಗಿಡಗಳ ಆರೈಕೆ ಮುಂತಾದವನ್ನು ಕಲಿತನು. ಶಾಲೆಗೆ ಹೋಗುವ ಅವಕಾಶ ಅವನಿಗೆ ದೊರೆಯಲಿಲ್ಲ. ಓದು ಬರಹವನ್ನು ಯಾರೂ ಕಲಿಸಲಿಲ್ಲ. ಆದರೂ ಸಸ್ಯಗಳ ಹೆಸರು ಮತ್ತು ಗುಣಗಳನ್ನು ಅವನು ಚೆನ್ನಾಗಿ ಅರಿತಿದ್ದನು.

ಕುಂಬಳದ ಜಾತಿಗೆ ಸೇರಿದ ಬಳ್ಳಿಯೊಂದರಲ್ಲಿ ಗಂಡು ಹೂವನ್ನು ಹೆಣ್ಣು ಹೂವಿಗೆ ತಾಗಿಸಿ ಕಾಯಿ ಕಟ್ಟಿಸುವ ಕ್ರಮವನ್ನು ಬೋಮೋಂ ಬಾಲಕನಿಗೆ ತೋರಿಸಿಕೊಟ್ಟಿದ್ದನು. ನಮ್ಮ ಹಿತ್ತಲುಗಳಲ್ಲಿಯೂ ಕುಂಬಳ, ಹೀರೆ ಬಳ್ಳಿಗಳಿಗೆ ಹೀಗೆ ಹೂ ತಾಗಿಸುವ ರೂಢಿ ಉಂಟು. ಕುಂಬಳದಲ್ಲಿ ಗಂಡು ಮತ್ತು ಹೆಣ್ಣು ಹೂವುಗಳು ಬೇರೆ ಬೇರೆ, ನೋಡಿದೊಡನೆಯೇ ಗುರುತಿಸಬಹುದು. ವೆನಿಲ್ಲಾದಲ್ಲಿ ಎರಡೂ ಭಾಗಗಳು ಒಂದೇ ಹೂವಿನೊಳಗೆ ಅಡಗಿರುತ್ತವೆ. ಒಂದು ಹೂವಿನಲ್ಲಿ ಕಲಿತದ್ದನ್ನು ಸಂಪೂರ್ಣ ಬೇರೆ ರಚನೆಯ ಮತ್ತೊಂದು ಹೂವಿಗೆ ಅನ್ವಯಿಸಿ ನೋಡಿದ್ದು ಎಡ್ಮಂಡ್‌ನ ಸ್ವಂತ ಬುದ್ಧಿ.

1841ರ ಆವಿಷ್ಕಾರ

ಬೋಮೋಂನ ತೋಟದಲ್ಲಿ ಸುಮಾರು 20 ವರ್ಷಗಳಿಂದ ಒಂದು ವೆನಿಲ್ಲಾ ಬಳ್ಳಿ ಇತ್ತು. ಅದು ಒಮ್ಮೆಯೂ ಕಾಯಿ ಬಿಟ್ಟಿರಲಿಲ್ಲ. 1841ರಲ್ಲಿ ಒಂದು ದಿನ ಎಡ್ಮಂಡ್‌ನೊಡನೆ ತೋಟದಲ್ಲಿ ನಡೆಯುತ್ತಿದ್ದಾಗ ಆ ಬಳ್ಳಿಯಲ್ಲಿ ಎರಡು ಹಸಿರು ಕೋಡುಗಳು ತೂಗುತ್ತಿರುವುದನ್ನು ಬೋಮೋಂ ಕಂಡು ಬೆರಗಾದನು. ಆ ಹೂವುಗಳನ್ನು ತಾನೇ ಕೂಡಿಸಿದ್ದಾಗಿ ಬಾಲಕ ತಿಳಿಸಿದನು. ಬೋಮೋಂ ಮೊದಲಿಗೆ ಅದನ್ನು ನಂಬಲಿಲ್ಲ. ಕೆಲವು ದಿನಗಳ ತರುವಾಯ ಇನ್ನಷ್ಟು ಕಾಯಿಗಳು ಕಾಣಿಸಿದವು. ಆಗ ಬೋಮೋಂ ತನ್ನ ಕಣ್ಣೆದುರಿನಲ್ಲಿಯೇ ಮಾಡಿ ತೋರಿಸಲು ಹೇಳಿದನು. ಬಾಲಕ ಹೂವೊಂದನ್ನು ಹಿಡಿದು ಕ್ಷಣಮಾತ್ರದಲ್ಲಿ ಅದನ್ನು ಮಾಡಿ ತೋರಿಸಿದನು.

ಅಷ್ಟು ವರ್ಷಗಳ ಕಾಲ ದ್ವೀಪದ ಬೆಳೆಗಾರರನ್ನು ಕಾಡಿದ್ದ ಸಮಸ್ಯೆ ಅಂದು ಪರಿಹಾರವಾಯಿತು. ಎಡ್ಮಂಡ್‌ಗೆ ಆಗ 12 ವರ್ಷ.

ಪರಾಗಸ್ಪರ್ಶದ ವಿಧಾನ

ಎಡ್ಮಂಡ್‌ನ ವಿಧಾನಕ್ಕೆ ಬೇಕಾದ ಸಲಕರಣೆ ಬಿದಿರಿನ ಒಂದು ಸಣ್ಣ ಸೀಳು ಅಥವಾ ಗಟ್ಟಿಯಾದ ಹುಲ್ಲುಕಡ್ಡಿ ಮಾತ್ರ. ಅದರ ಹಂತಗಳು ಹೀಗಿವೆ. ಮೊದಲು ಅರಳಿದ ಹೂವನ್ನು ಎಡಗೈಯಲ್ಲಿ ಹಗುರವಾಗಿ ಹಿಡಿದು, ನಡುವಿನ ಕಂಬವನ್ನು ಸುತ್ತಿಕೊಂಡಿರುವ ಎಸಳನ್ನು ಕಡ್ಡಿಯಿಂದ ಸೀಳಿ ಬಿಡಿಸಬೇಕು. ಬಳಿಕ ಕಡ್ಡಿಯ ತುದಿಯಿಂದ ಅಡ್ಡವಾಗಿರುವ ಪೊರೆಯನ್ನು ಮೇಲಕ್ಕೆ ಎತ್ತಬೇಕು. ಕೊನೆಗೆ ಹೆಬ್ಬೆರಳಿನಿಂದ ಪರಾಗಕೋಶವನ್ನು ಮೆಲ್ಲಗೆ ಒತ್ತಿ, ಅಂಟಾದ ಪರಾಗವು ಕೆಳಗಿನ ಶಲಾಕಾಗ್ರಕ್ಕೆ ತಾಗುವಂತೆ ಮಾಡಬೇಕು. ಈ ಕ್ರಿಯೆಯು ಫ್ರೆಂಚ್ ಭಾಷೆಯಲ್ಲಿ ಇಂದಿಗೂ ಎಡ್ಮಂಡ್‌ನ ಹೆಸರಿನಿಂದಲೇ ಪ್ರಸಿದ್ಧವಾಗಿದೆ.

ಪರಾಗಸ್ಪರ್ಶ ಸಫಲವಾದರೆ ಹೂವು ಬಾಡಿದರೂ ಉದುರದೆ ತೊಟ್ಟಿನ ತುದಿಯಲ್ಲಿ ಅಂಟಿಕೊಂಡಿರುತ್ತದೆ. ವಿಫಲವಾದರೆ ಒಂದೆರಡು ದಿನಗಳಲ್ಲಿ ಕಳಚಿಬೀಳುತ್ತದೆ. ಕೈ ಪಳಗಿದವರು ದಿನಕ್ಕೆ ಸಾವಿರದಿಂದ ಒಂದೂವರೆ ಸಾವಿರ ಹೂವುಗಳನ್ನು ಕೂಡಿಸಬಲ್ಲರು. ಒಂದು ಗೊಂಚಲಿನ ಎಲ್ಲ ಹೂವುಗಳನ್ನೂ ಕೂಡಿಸಿದರೆ ಬಳ್ಳಿ ಸೊರಗುತ್ತದೆಯಾದ್ದರಿಂದ ಬೆಳೆಗಾರರು ಪ್ರತಿ ಗೊಂಚಲಿನಲ್ಲಿ ಕೆಲವನ್ನು ಮಾತ್ರ ಆರಿಸಿಕೊಳ್ಳುತ್ತಾರೆ.

ಉತ್ತರ ಕರ್ನಾಟಕದ ಓದುಗರಿಗೆ ಇದಕ್ಕೆ ಹತ್ತಿರದ ಉದಾಹರಣೆ ಹೈಬ್ರಿಡ್ ಹತ್ತಿ ಬೀಜೋತ್ಪಾದನೆ. ಧಾರವಾಡದಲ್ಲಿ ಬಿ. ಎಚ್. ಕಟರ್ಕಿ ಅವರು ರೂಪಿಸಿ 1972ರಲ್ಲಿ ಬಿಡುಗಡೆಯಾದ ವರಲಕ್ಷ್ಮಿ ಮುಂತಾದ ಹತ್ತಿಯ ತಳಿಗಳ ಬೀಜವನ್ನು ಪಡೆಯಲು ಪ್ರತಿಯೊಂದು ಹೂವಿನ ಕೇಸರಗಳನ್ನು ಕೈಯಿಂದ ತೆಗೆದು, ಮತ್ತೊಂದು ಹೂವಿನ ಪರಾಗವನ್ನು ಸವರಬೇಕಾಗುತ್ತದೆ. ಅಲ್ಲಿಯೂ ಇಡೀ ಬೆಳೆಯು ಬೆರಳ ತುದಿಯ ನಾಜೂಕಿನ ಮೇಲೆ ನಿಂತಿದೆ.

ದ್ವೀಪದಾದ್ಯಂತ ಪ್ರಸಾರ

ಬೋಮೋಂ ತನ್ನ ನೆರೆಯ ತೋಟಗಳ ಒಡೆಯರಿಗೆ ಪತ್ರ ಬರೆದು ಈ ಸಂಗತಿಯನ್ನು ತಿಳಿಸಿದನು. ಅವರ ಕೋರಿಕೆಯಂತೆ ಎಡ್ಮಂಡ್‌ನನ್ನು ಕುದುರೆಗಾಡಿಯಲ್ಲಿ ತೋಟದಿಂದ ತೋಟಕ್ಕೆ ಕರೆದೊಯ್ಯಲಾಯಿತು. ಅಲ್ಲಿನ ಗುಲಾಮರಿಗೆ ಅವನು ಹೂ ಕೂಡಿಸುವ ಕ್ರಮವನ್ನು ಕಲಿಸಿದನು. ಅವರು ತಮ್ಮ ಜೊತೆಯವರಿಗೆ ಕಲಿಸಿದರು. ಹೀಗೆ ಕೆಲವೇ ವರ್ಷಗಳಲ್ಲಿ ವಿಧಾನವು ದ್ವೀಪದ ತುಂಬ ಹರಡಿತು.

ಇದರ ಪರಿಣಾಮವನ್ನು ರಫ್ತಿನ ಅಂಕಿಗಳು ಸ್ಪಷ್ಟವಾಗಿ ತೋರಿಸುತ್ತವೆ. 1848ರಲ್ಲಿ ರಿಯೂನಿಯನ್ ದ್ವೀಪದಿಂದ ಫ್ರಾನ್ಸಿಗೆ ಹೋದ ವೆನಿಲ್ಲಾ ಕೇವಲ 50 ಕಿಲೋಗ್ರಾಂ. 1858ರಲ್ಲಿ ಅದು 2 ಟನ್, 1867ರಲ್ಲಿ 20 ಟನ್, 1898ರಲ್ಲಿ 200 ಟನ್ ಆಯಿತು. ಅಷ್ಟರಲ್ಲಿ ದ್ವೀಪವು ಉತ್ಪಾದನೆಯಲ್ಲಿ ಮೆಕ್ಸಿಕೋವನ್ನು ಹಿಂದಿಕ್ಕಿತ್ತು. ಇಲ್ಲಿಂದ ಬೆಳೆಯು ನೆರೆಯ ಕೊಮೊರೊಸ್, ಸೇಷೆಲ್ಸ್, ಮಡಗಾಸ್ಕರ್ ಮುಂತಾದ ದ್ವೀಪಗಳಿಗೆ ವಿಸ್ತರಿಸಿತು. ಮಾರುಕಟ್ಟೆಯಲ್ಲಿ ಈ ಪ್ರದೇಶದ ಸರಕಿಗೆ ಈಗಲೂ ಬೋರ್ಬನ್ ವೆನಿಲ್ಲಾ ಎಂಬ ಹೆಸರಿದೆ. ಇಂದು ಜಗತ್ತಿನ ನೈಸರ್ಗಿಕ ವೆನಿಲ್ಲಾದ ಬಹುಪಾಲು ಮಡಗಾಸ್ಕರ್‌ನಿಂದಲೇ ಬರುತ್ತದೆ.

ಬಿಡುಗಡೆ ಮತ್ತು ಹೆಸರು

1848ರಲ್ಲಿ ಫ್ರಾನ್ಸಿನಲ್ಲಿ ನಡೆದ ಕ್ರಾಂತಿಯ ಬಳಿಕ ಹೊಸ ಗಣರಾಜ್ಯವು ತನ್ನ ವಸಾಹತುಗಳಲ್ಲಿ ಗುಲಾಮಗಿರಿಯನ್ನು ರದ್ದುಪಡಿಸಿತು. ಸಾರ್ದಾ ಗಾರಿಗಾ ಎಂಬ ಅಧಿಕಾರಿಯು ರಿಯೂನಿಯನ್‌ಗೆ ಬಂದು 20 ಡಿಸೆಂಬರ್ 1848ರಂದು ಬಿಡುಗಡೆಯ ಆಜ್ಞೆಯನ್ನು ಜಾರಿಗೊಳಿಸಿದನು. ಅಂದು 60 ಸಾವಿರಕ್ಕೂ ಹೆಚ್ಚು ಜನರು ಗುಲಾಮಗಿರಿಯಿಂದ ಮುಕ್ತರಾದರು. ಎಡ್ಮಂಡ್ ಸ್ವತಂತ್ರನಾದದ್ದೂ ಅದೇ ವರ್ಷ. ಆಗ ಅವನಿಗೆ 19 ವರ್ಷ.

ಬಿಡುಗಡೆಯಾದವರಿಗೆ ಮನೆತನದ ಹೆಸರೊಂದನ್ನು ನೀಡಿ ದಾಖಲೆಗಳಲ್ಲಿ ನಮೂದಿಸಲಾಯಿತು. ಎಡ್ಮಂಡ್‌ಗೆ ದೊರೆತ ಹೆಸರು ಆಲ್ಬಿಯಸ್. ಇದು ಬಿಳಿ ಎಂಬ ಅರ್ಥದ ಲ್ಯಾಟಿನ್ ಪದದಿಂದ ಬಂದುದು. ವೆನಿಲ್ಲಾ ಹೂವಿನ ತಿಳಿ ಬಣ್ಣವನ್ನು ಇದು ಸೂಚಿಸುತ್ತದೆಂಬ ವಿವರಣೆ ಪ್ರಚಲಿತವಾಗಿದೆ.

ಗುಲಾಮರನ್ನು ಕಳೆದುಕೊಂಡುದಕ್ಕಾಗಿ ಫ್ರಾನ್ಸ್ ಸರಕಾರವು 1849ರ ಕಾನೂನಿನ ಮೂಲಕ ಒಡೆಯರಿಗೆ ಪರಿಹಾರಧನ ನೀಡಿತು. ಗುಲಾಮರಾಗಿ ದುಡಿದವರಿಗೆ ಹಣವಾಗಲಿ ಭೂಮಿಯಾಗಲಿ ಸಿಗಲಿಲ್ಲ. ಎಡ್ಮಂಡ್‌ನ ಸ್ಥಿತಿಯೂ ಇದಕ್ಕೆ ಹೊರತಾಗಿರಲಿಲ್ಲ. ದ್ವೀಪಕ್ಕೆ ಹೊಸ ಬೆಳೆಯೊಂದನ್ನು ತಂದುಕೊಟ್ಟವನು ಬರಿಗೈಯಲ್ಲಿ ಬೆಲ್‌ವ್ಯೂ ತೋಟವನ್ನು ಬಿಟ್ಟು ಕೆಲಸ ಹುಡುಕಿಕೊಂಡು ರಾಜಧಾನಿ ಸೇಂಟ್ ಡೆನಿಗೆ ಹೋದನು.

ಬಂಧನ ಮತ್ತು ಶಿಕ್ಷೆ

ಸೇಂಟ್ ಡೆನಿಯಲ್ಲಿ ಎಡ್ಮಂಡ್ ಸೇನಾಧಿಕಾರಿಯೊಬ್ಬನ ಮನೆಯಲ್ಲಿ ಅಡುಗೆಯ ಆಳಾಗಿ ದುಡಿದನು. ಕೆಲವು ಕಾಲದಲ್ಲಿಯೇ ಆಭರಣಗಳ ಕಳ್ಳತನದ ಪ್ರಕರಣವೊಂದರಲ್ಲಿ ಸಿಲುಕಿದನು. ನ್ಯಾಯಾಲಯವು ಅವನಿಗೆ ಕಠಿಣ ದುಡಿಮೆಯ ಸೆರೆವಾಸವನ್ನು ವಿಧಿಸಿತು.

ಆಗ ಸೇಂಟ್ ಸುಜಾನ್‌ನ ನ್ಯಾಯಾಧಿಕಾರಿ ಮೆಝಿಯೆರ್ ದ ಲೆಪೆರ್ವಾಂಶ್ ಎಂಬವನು ದ್ವೀಪದ ಗವರ್ನರನಿಗೆ ಮನವಿ ಸಲ್ಲಿಸಿದನು. ವೆನಿಲ್ಲಾದಿಂದ ವಸಾಹತಿಗೆ ಬಂದ ಸಂಪತ್ತಿಗೆ ಈ ತರುಣನೇ ಕಾರಣನೆಂದೂ ಅವನ ವಿಷಯದಲ್ಲಿ ದಯೆ ತೋರುವುದು ವಸಾಹತಿನ ಕರ್ತವ್ಯವೆಂದೂ ಅದರಲ್ಲಿ ವಾದಿಸಲಾಗಿತ್ತು. ಬೋಮೋಂ ಸಹ ಇದನ್ನು ಬೆಂಬಲಿಸಿದನು. ಇದರ ಫಲವಾಗಿ ಎಡ್ಮಂಡ್ 1855ರಲ್ಲಿ, ಶಿಕ್ಷೆಯ ಅವಧಿ ಮುಗಿಯುವ ಮೊದಲೇ, ಬಿಡುಗಡೆ ಹೊಂದಿದನು.

ಆವಿಷ್ಕಾರದ ಹಕ್ಕಿನ ವಿವಾದ

ವೆನಿಲ್ಲಾ ಲಾಭದ ಬೆಳೆಯಾದ ಮೇಲೆ ಅದರ ಕೀರ್ತಿಗೆ ಇತರರೂ ಹಕ್ಕು ಮಂಡಿಸಿದರು. ಸೇಂಟ್ ಡೆನಿಯ ಸರಕಾರಿ ಸಸ್ಯೋದ್ಯಾನದ ನಿರ್ದೇಶಕನಾಗಿದ್ದ ಜಾನ್ ಮಿಶೆಲ್ ಕ್ಲೋದ್ ರಿಶಾರ್ ಎಂಬ ಹೆಸರಾಂತ ಸಸ್ಯವಿಜ್ಞಾನಿಯು, ತಾನು 1838ರಲ್ಲಿಯೇ ದ್ವೀಪದ ಕೆಲವು ತೋಟಗಾರರಿಗೆ ಈ ವಿಧಾನವನ್ನು ತೋರಿಸಿದ್ದಾಗಿಯೂ ಎಡ್ಮಂಡ್ ಅದನ್ನು ನೋಡಿ ಕಲಿತಿರಬೇಕೆಂದೂ ಪ್ರತಿಪಾದಿಸಿದನು. ಒಂದು ಕಡೆ ಪದವಿಯೂ ಪ್ರತಿಷ್ಠೆಯೂ ಇದ್ದ ವಿದ್ವಾಂಸ. ಮತ್ತೊಂದು ಕಡೆ ತನ್ನ ಪರವಾಗಿ ಒಂದು ಸಾಲನ್ನೂ ಬರೆಯಲಾರದ, ಸೆರೆಮನೆ ಕಂಡುಬಂದ ಮಾಜಿ ಗುಲಾಮ.

ಈ ಸಂದರ್ಭದಲ್ಲಿ ಬೋಮೋಂ ಎಡ್ಮಂಡ್‌ನ ಪರವಾಗಿ ನಿಂತನು. ದ್ವೀಪದ ಇತಿಹಾಸವನ್ನು ದಾಖಲಿಸುತ್ತಿದ್ದ ವೋಲ್ಸಿ ಫೋಕಾರ್ ಎಂಬವನಿಗೆ ಬರೆದ ಪತ್ರದಲ್ಲಿ ಅವನು ನಡೆದುದನ್ನು ವಿವರವಾಗಿ ತಿಳಿಸಿದನು. ರಿಶಾರ್ ತನಗೆ ಹಳೆಯ ಗೆಳೆಯನಾಗಿದ್ದರೂ ಈ ವಿಷಯದಲ್ಲಿ ಅವನ ನೆನಪು ತಪ್ಪಿದೆ ಎಂಬುದು ಬೋಮೋಂನ ನಿಲುವು. ಅವನ ತರ್ಕ ಸರಳವಾಗಿತ್ತು. 1838ರಲ್ಲಿಯೇ ವಿಧಾನವು ದ್ವೀಪದಲ್ಲಿ ತಿಳಿದಿದ್ದರೆ, 1841ರವರೆಗೆ ಯಾರೊಬ್ಬರ ತೋಟದಲ್ಲಿಯೂ ಅದು ಬಳಕೆಗೆ ಬಾರದೆ ಇರುತ್ತಿರಲಿಲ್ಲ. ಒಬ್ಬ ಬಾಲಕನನ್ನು ಗಾಡಿಯಲ್ಲಿ ಕರೆಸಿಕೊಂಡು ಕಲಿಯುವ ಅಗತ್ಯವೂ ಬೆಳೆಗಾರರಿಗೆ ಬೀಳುತ್ತಿರಲಿಲ್ಲ.

ಫೋಕಾರ್ 1860ರ ದಶಕದ ಆರಂಭದಲ್ಲಿ ವೆನಿಲ್ಲಾದ ಇತಿಹಾಸವನ್ನು ಪ್ರಕಟಿಸುವಾಗ ಈ ಸಾಕ್ಷ್ಯವನ್ನು ಸ್ವೀಕರಿಸಿ ಕೀರ್ತಿಯನ್ನು ಎಡ್ಮಂಡ್‌ಗೆ ಸಲ್ಲಿಸಿದನು. 1863ರ ಸುಮಾರಿಗೆ ಅಂತ್ವಾನ್ ರೂಸೆಂ ಎಂಬ ಚಿತ್ರಕಾರನು ತನ್ನ ಚಿತ್ರಸಂಪುಟದಲ್ಲಿ ಎಡ್ಮಂಡ್‌ನ ಚಿತ್ರವನ್ನು ಮುದ್ರಿಸಿದನು. ಕೈಯಲ್ಲಿ ವೆನಿಲ್ಲಾ ಬಳ್ಳಿಯನ್ನು ಹಿಡಿದು ನಿಂತಿರುವ ಈ ಚಿತ್ರವೇ ಇಂದು ಆಲ್ಬಿಯಸ್‌ನ ಗುರುತಾಗಿ ಎಲ್ಲೆಡೆ ಬಳಕೆಯಲ್ಲಿದೆ. ಆದರೂ ವಿವಾದ ಪೂರ್ತಿಯಾಗಿ ಅಳಿಯಲಿಲ್ಲ. 20ನೆಯ ಶತಮಾನದ ಆರಂಭದಲ್ಲಿ ಫ್ರಾನ್ಸಿನ ಕೆಲವು ಬರಹಗಳು ಆಲ್ಬಿಯಸ್ ಬಿಳಿಯನಾಗಿದ್ದನೆಂದು ಸಹ ಬಿಂಬಿಸಿದವು.

ಕೊನೆಯ ವರ್ಷಗಳು

ಸೆರೆಮನೆಯಿಂದ ಬಂದ ಎಡ್ಮಂಡ್ ಸೇಂಟ್ ಸುಜಾನ್‌ಗೆ ಮರಳಿ, ತಾನು ಬೆಳೆದ ಬೆಲ್‌ವ್ಯೂ ತೋಟದ ಸಮೀಪದಲ್ಲಿ ನೆಲೆಸಿದನು. ಮದುವೆಯಾದನು, ಹೆಂಡತಿ ಅವನಿಗಿಂತ ಮೊದಲೇ ತೀರಿಕೊಂಡಳು. ವಸಾಹತಿನ ಆಡಳಿತವು ಅವನಿಗೆ ಜೀವನಾಂಶ ನೀಡಬೇಕೆಂದು ಬೋಮೋಂ ಪ್ರಯತ್ನಿಸಿದರೂ ಅದು ಕೈಗೂಡಲಿಲ್ಲ. 9 ಆಗಸ್ಟ್ 1880ರಂದು ಎಡ್ಮಂಡ್ ಆಲ್ಬಿಯಸ್ ಸೇಂಟ್ ಸುಜಾನ್‌ನ ಆಸ್ಪತ್ರೆಯಲ್ಲಿ ನಿಧನನಾದನು. ದ್ವೀಪದ ಪತ್ರಿಕೆಯೊಂದು ಕೆಲವು ದಿನಗಳ ಅನಂತರ ಅವನ ಸಾವನ್ನು ವರದಿ ಮಾಡುತ್ತ, ವಸಾಹತಿಗೆ ಅಪಾರ ಲಾಭ ತಂದವನು ದಾರಿದ್ರ್ಯದಲ್ಲಿ ಸತ್ತುದನ್ನೂ ಅವನ ನೆರವಿನ ಕೋರಿಕೆಗೆ ಉತ್ತರ ದೊರೆಯದಿದ್ದುದನ್ನೂ ದಾಖಲಿಸಿತು.

ಕೋಡಿನಿಂದ ಸಾರದವರೆಗೆ

ಆಲ್ಬಿಯಸ್‌ನ ವಿಧಾನದಿಂದ ದೊರೆಯುವುದು ಹಸಿರು ಕೋಡು ಮಾತ್ರ, ಅದಕ್ಕೆ ಪರಿಮಳವಿರುವುದಿಲ್ಲ. ಪರಾಗಸ್ಪರ್ಶವಾದ 8–9 ತಿಂಗಳಿಗೆ ಕೋಡು ಬಲಿತು ತುದಿ ಹಳದಿಯಾಗತೊಡಗಿದಾಗ ಅದನ್ನು ಕೊಯ್ಯುತ್ತಾರೆ. ಬಳಿಕ ಕೋಡುಗಳನ್ನು ಕೆಲವು ನಿಮಿಷ ಬಿಸಿನೀರಿನಲ್ಲಿ ಅದ್ದಿ ತೆಗೆದು, ಉಣ್ಣೆಯ ಬಟ್ಟೆಯಲ್ಲಿ ಸುತ್ತಿ ಬೆವರಿಸುತ್ತಾರೆ. ಹಲವು ದಿನಗಳ ಕಾಲ ಹಗಲಿನಲ್ಲಿ ಕೆಲವು ತಾಸು ಬಿಸಿಲಿಗೆ ಹರಡಿ, ರಾತ್ರಿ ಮತ್ತೆ ಸುತ್ತಿಡುತ್ತಾರೆ. ತರುವಾಯ ನೆರಳಿನಲ್ಲಿ ನಿಧಾನವಾಗಿ ಒಣಗಿಸಿ, ಪೆಟ್ಟಿಗೆಗಳಲ್ಲಿ ತಿಂಗಳುಗಟ್ಟಲೆ ಹದಗೊಳಿಸುತ್ತಾರೆ. ಬಿಸಿನೀರಿನಲ್ಲಿ ಅದ್ದುವ ಕ್ರಮವು ರಿಯೂನಿಯನ್‌ನಲ್ಲಿಯೇ 1850ರ ದಶಕದಲ್ಲಿ ರೂಢಿಗೆ ಬಂದಿತು. ಒಂದು ಕಿಲೋಗ್ರಾಂ ಸಂಸ್ಕರಿಸಿದ ಕಪ್ಪು ಕೋಡಿಗೆ ಸುಮಾರು 5–6 ಕಿಲೋಗ್ರಾಂ ಹಸಿ ಕೋಡು ಬೇಕು. ಉತ್ತಮ ಕೋಡಿನಲ್ಲಿ ಪರಿಮಳದ ಮುಖ್ಯ ಅಂಶವಾದ ವೆನಿಲಿನ್ ಶೇಕಡ 2ರಷ್ಟು ಇರುತ್ತದೆ.

ವೆನಿಲ್ಲಾ ಸಾರವನ್ನು ತಯಾರಿಸಲು ಈ ಕೋಡುಗಳನ್ನು ಸೀಳಿ ತುಂಡರಿಸಿ, ನೀರು ಬೆರೆತ ಆಲ್ಕೋಹಾಲಿನಲ್ಲಿ ನೆನೆಸಿಡುತ್ತಾರೆ. ಅಮೆರಿಕದ ನಿಯಮದಂತೆ ಸಾರದಲ್ಲಿ ಕನಿಷ್ಠ ಶೇಕಡ 35ರಷ್ಟು ಆಲ್ಕೋಹಾಲ್ ಇರಬೇಕು ಮತ್ತು ಪ್ರತಿ ಲೀಟರಿಗೆ ಸುಮಾರು 100 ಗ್ರಾಂ ಕೋಡು ಬಳಸಿರಬೇಕು. ಸಣ್ಣ ಪ್ರಮಾಣದಲ್ಲಿ ತಯಾರಿಸುವವರು ಗಾಜಿನ ಬಾಟಲಿಯನ್ನು ಕತ್ತಲೆಯ ಜಾಗದಲ್ಲಿಟ್ಟು, ಆಗಾಗ ಅಲುಗಾಡಿಸುತ್ತ, ಹಲವು ತಿಂಗಳು ಕಾಯುತ್ತಾರೆ.

ಅಂಗಡಿಗಳಲ್ಲಿ ಕಡಿಮೆ ಬೆಲೆಗೆ ಸಿಗುವ ವೆನಿಲ್ಲಾ ಎಸೆನ್ಸ್ ಬಹುತೇಕ ಕೃತಕ ವೆನಿಲಿನ್‌ನಿಂದ ತಯಾರಾದದ್ದು. 1858ರಲ್ಲಿ ಫ್ರಾನ್ಸಿನ ಗೋಬ್ಲೆ ಎಂಬ ರಸಾಯನಶಾಸ್ತ್ರಜ್ಞನು ಕೋಡಿನಿಂದ ವೆನಿಲಿನ್ ಅನ್ನು ಬೇರ್ಪಡಿಸಿದನು. 1874ರಲ್ಲಿ ಜರ್ಮನಿಯ ಟೀಮನ್ ಮತ್ತು ಹಾರ್ಮನ್ ಅದನ್ನು ಪ್ರಯೋಗಾಲಯದಲ್ಲಿ ತಯಾರಿಸಿದರು. ಆಲ್ಬಿಯಸ್ ಬದುಕಿದ್ದಾಗಲೇ ಅವನ ಬೆಳೆಗೆ ಪ್ರತಿಸ್ಪರ್ಧಿ ಹುಟ್ಟಿಕೊಂಡಿತ್ತು.

ಕರ್ನಾಟಕದಲ್ಲಿ ವೆನಿಲ್ಲಾ

ಭಾರತಕ್ಕೆ ವೆನಿಲ್ಲಾ 19ನೆಯ ಶತಮಾನದಲ್ಲಿಯೇ ಬಂದಿದ್ದರೂ ವಾಣಿಜ್ಯ ಬೆಳೆಯಾಗಿ ನೆಲೆಯೂರಿದ್ದು 1990ರ ದಶಕದಲ್ಲಿ. ಸಾಂಬಾರ ಮಂಡಳಿಯ ಪ್ರೋತ್ಸಾಹದೊಂದಿಗೆ ದಕ್ಷಿಣ ಕನ್ನಡ, ಉತ್ತರ ಕನ್ನಡ, ಶಿವಮೊಗ್ಗ, ಚಿಕ್ಕಮಗಳೂರು ಮತ್ತು ಕೊಡಗು ಜಿಲ್ಲೆಗಳ ಅಡಿಕೆ ಹಾಗೂ ಕಾಫಿ ತೋಟಗಳಲ್ಲಿ ಇದು ಅಂತರಬೆಳೆಯಾಗಿ ಹಬ್ಬಿತು. ಗ್ಲಿರಿಸಿಡಿಯಾದಂತಹ ಆಸರೆ ಗಿಡಗಳಿಗೆ ಬಳ್ಳಿಯನ್ನು ಹಬ್ಬಿಸಿ, ಹೂವಿನ ಕಾಲದಲ್ಲಿ ಮನೆಯವರೆಲ್ಲ ಬೆಳಗಿನ ಹೊತ್ತು ಕಡ್ಡಿ ಹಿಡಿದು ತೋಟಕ್ಕೆ ಇಳಿಯುವುದು ಸಾಮಾನ್ಯ ದೃಶ್ಯವಾಯಿತು.

2000ದ ಏಪ್ರಿಲ್‌ನಲ್ಲಿ ಹುಡಾ ಎಂಬ ಚಂಡಮಾರುತವು ಮಡಗಾಸ್ಕರ್‌ನ ತೋಟಗಳನ್ನು ಧ್ವಂಸ ಮಾಡಿದ ಬಳಿಕ ಜಾಗತಿಕ ಬೆಲೆ ಏರತೊಡಗಿತು. 2003ರ ಹೊತ್ತಿಗೆ ಕರ್ನಾಟಕದಲ್ಲಿ ಹಸಿ ಕೋಡಿನ ಬೆಲೆ ಕಿಲೋಗ್ರಾಂಗೆ ಸಾವಿರಾರು ರೂಪಾಯಿಗೆ ಮುಟ್ಟಿತು. ಬಳ್ಳಿಯ ತುಂಡುಗಳೂ ದುಬಾರಿಯಾದವು. ತೋಟಗಳಿಗೆ ರಾತ್ರಿ ಕಾವಲು ಹಾಕಬೇಕಾಯಿತು. ಆದರೆ ಮಡಗಾಸ್ಕರ್ ಚೇತರಿಸಿಕೊಂಡಿತು, ದೊಡ್ಡ ಕಂಪನಿಗಳು ಕೃತಕ ವೆನಿಲಿನ್‌ನತ್ತ ತಿರುಗಿದವು. ಕೆಲವೇ ವರ್ಷಗಳಲ್ಲಿ ಬೆಲೆ ಕುಸಿದು ನೂರು ರೂಪಾಯಿಯ ಒಳಕ್ಕೆ ಇಳಿಯಿತು. ಬೇರು ಕೊಳೆಯುವ ಶಿಲೀಂಧ್ರ ರೋಗವೂ ಸೇರಿ ಅನೇಕ ರೈತರು ಬೆಳೆಯನ್ನು ಕೈಬಿಟ್ಟರು. 2017ರ ಎನಾವೊ ಚಂಡಮಾರುತದ ಸುಮಾರಿಗೆ ಬೆಲೆ ಮತ್ತೆ ಏರಿದಾಗ ಉಳಿದಿದ್ದ ಬಳ್ಳಿಗಳಿಗೆ ಮರಳಿ ಆರೈಕೆ ದೊರೆಯಿತು.

ವಿಜಯಪುರ ಜಿಲ್ಲೆಯ ಸಂದರ್ಭ

ವೆನಿಲ್ಲಾ ಬೆಳೆಗೆ ವರ್ಷಕ್ಕೆ 1500ರಿಂದ 3000 ಮಿಲಿಮೀಟರ್ ಮಳೆ, 21ರಿಂದ 32 ಡಿಗ್ರಿ ಸೆಲ್ಸಿಯಸ್ ಉಷ್ಣಾಂಶ, ಅರ್ಧ ನೆರಳು ಮತ್ತು ಆರ್ದ್ರವಾದ ಗಾಳಿ ಬೇಕು. ವಿಜಯಪುರದಲ್ಲಿ ಸರಾಸರಿ ಮಳೆ 600 ಮಿಲಿಮೀಟರ್ ಆಸುಪಾಸು. ಬೇಸಿಗೆಯ ಬಿಸಿಲು 40 ಡಿಗ್ರಿಯನ್ನು ಮೀರುತ್ತದೆ. ಆದ್ದರಿಂದ ಇಲ್ಲಿನ ಬಯಲಿನಲ್ಲಿ ವೆನಿಲ್ಲಾ ಬೆಳೆ ಸಹಜವಲ್ಲ. ಏತ ನೀರಾವರಿಯಿಂದ ಕೃಷ್ಣೆಯ ನೀರು ಬಬಲೇಶ್ವರ ಮತ್ತು ತಿಕೋಟಾ ಭಾಗಗಳನ್ನು ತಲುಪಿದ್ದರೂ ಗಾಳಿಯ ಶುಷ್ಕತೆಯನ್ನು ನೀರು ನೀಗಿಸಲಾರದು.

ಆದರೆ ಆಲ್ಬಿಯಸ್‌ನ ಕಥೆಯಲ್ಲಿ ಕಾಣುವ ಕೈಗೆಲಸದ ಕೃಷಿ ಈ ಭಾಗಕ್ಕೆ ಹೊಸತಲ್ಲ. ತಿಕೋಟಾ, ಬಬಲೇಶ್ವರ ತಾಲ್ಲೂಕುಗಳು ದ್ರಾಕ್ಷಿ ಮತ್ತು ಒಣದ್ರಾಕ್ಷಿಗೆ ಹೆಸರಾದವು. ಇಲ್ಲಿ ದ್ರಾಕ್ಷಿಯ ಗೊನೆಗಳನ್ನು ಒಂದೊಂದಾಗಿ ಹಾರ್ಮೋನ್ ದ್ರಾವಣದಲ್ಲಿ ಅದ್ದುವುದು, ಕಾಯಿ ಬಿಡಿಸಿ ತೆಳುಮಾಡುವುದು, ಕೊಯ್ದ ಗೊನೆಗಳನ್ನು ಡಿಪ್ಪಿಂಗ್ ಆಯಿಲ್ ಮತ್ತು ಪೊಟ್ಯಾಸಿಯಂ ಕಾರ್ಬೊನೇಟ್ ಬೆರೆತ ನೀರಿನಲ್ಲಿ ಅದ್ದಿ ಶೆಡ್ಡಿನ ಬಲೆಗಳ ಮೇಲೆ ನೆರಳಿನಲ್ಲಿ ಒಣಗಿಸುವುದು, ಇವೆಲ್ಲ ಕೂಲಿಕಾರರ ಕೈಗಳಿಂದಲೇ ಆಗುತ್ತವೆ. ಅದ್ದುವಿಕೆ ಮತ್ತು ಒಣಗಿಸುವಿಕೆ ವೆನಿಲ್ಲಾ ಸಂಸ್ಕರಣೆಯಲ್ಲಿಯೂ ಮುಖ್ಯ ಹಂತಗಳು. ಎರಡು ಬೆಳೆಗಳಲ್ಲಿಯೂ ಸರಕಿನ ಬೆಲೆ ನಿರ್ಧಾರವಾಗುವುದು ಕೊಯ್ಲಿನ ನಂತರದ ಹದದಿಂದ.

ಗುಲಾಮಗಿರಿಯ ಇತಿಹಾಸದ ದೃಷ್ಟಿಯಿಂದಲೂ ಒಂದು ಹೋಲಿಕೆ ಸಾಧ್ಯ. ಆದಿಲ್‌ಶಾಹಿ ಕಾಲದ ವಿಜಯಪುರಕ್ಕೆ ಆಫ್ರಿಕದಿಂದ ಗುಲಾಮರಾಗಿ ಬಂದ ಹಬಶಿಗಳಲ್ಲಿ ಕೆಲವರು ಸೇನೆ ಮತ್ತು ದರಬಾರಿನಲ್ಲಿ ಉನ್ನತ ಸ್ಥಾನಕ್ಕೇರಿದರು. ಮುಹಮ್ಮದ್ ಆದಿಲ್‌ಶಾಹನ ಕಾಲದ ಇಖ್ಲಾಸ್ ಖಾನನು ಇದಕ್ಕೆ ಪ್ರಸಿದ್ಧ ನಿದರ್ಶನ. ತೋಟಗಳ ಗುಲಾಮಗಿರಿಯಲ್ಲಿ ಅಂತಹ ದಾರಿಯೇ ಇರಲಿಲ್ಲ. ಅಲ್ಲಿ ಬುದ್ಧಿವಂತಿಕೆಯ ಫಲವೂ ದುಡಿಮೆಯ ಫಲದಂತೆಯೇ ಒಡೆಯನಿಗೆ ಸಲ್ಲುತ್ತಿತ್ತು.

ಸ್ಮರಣೆ ಮತ್ತು ಮಹತ್ವ

ರಿಯೂನಿಯನ್ ದ್ವೀಪದಲ್ಲಿ ಇಂದು ಆಲ್ಬಿಯಸ್‌ನ ಹೆಸರನ್ನು ಹೊತ್ತ ಬೀದಿ ಮತ್ತು ಶಾಲೆಗಳಿವೆ. ಸೇಂಟ್ ಸುಜಾನ್‌ನಲ್ಲಿ ಅವನ ಸ್ಮಾರಕವನ್ನು ನಿಲ್ಲಿಸಲಾಗಿದೆ. ಗುಲಾಮಗಿರಿ ರದ್ದಾದ ಡಿಸೆಂಬರ್ 20ರ ದಿನವನ್ನು ದ್ವೀಪದಲ್ಲಿ ಸಾರ್ವಜನಿಕ ರಜಾದಿನವಾಗಿ ಆಚರಿಸಲಾಗುತ್ತದೆ.

ಕೃಷಿಯ ಇತಿಹಾಸದಲ್ಲಿ ತಳಿ ಆಯ್ದವರು, ಕಸಿ ಕಟ್ಟಿದವರು, ಹದ ಕಂಡುಕೊಂಡವರು ಬಹುಮಟ್ಟಿಗೆ ಅನಾಮಿಕರು. ಹೊಲದಲ್ಲಿ ದುಡಿದವರ ತಿಳಿವಳಿಕೆ ದಾಖಲೆಯಾಗದೆ ಹೋದುದೇ ಹೆಚ್ಚು. ಆಲ್ಬಿಯಸ್‌ನ ಹೆಸರು ಉಳಿದುದು ಅವನಿಗೆ ಕಲಿಸಿದ ಮತ್ತು ಅವನಿಂದ ಕಲಿತ ಒಬ್ಬ ಮನುಷ್ಯನು ವಿವಾದದ ಕಾಲದಲ್ಲಿ ಸತ್ಯವನ್ನು ಬರೆದಿಟ್ಟುದರಿಂದ. ಆದರೆ ಅದೇ ಮನುಷ್ಯನು ಅವನ ಒಡೆಯನೂ ಆಗಿದ್ದನು, ಆವಿಷ್ಕಾರದ ಬಳಿಕವೂ ಏಳು ವರ್ಷ ಅವನು ಗುಲಾಮನಾಗಿಯೇ ಉಳಿದನು ಎಂಬುದನ್ನು ಓದುಗರು ಗಮನಿಸಬೇಕು.

ಆಲ್ಬಿಯಸ್‌ನ ವಿಧಾನಕ್ಕೆ ಬದಲಾಗಿ ತೋಟಗಳಲ್ಲಿ ಯಂತ್ರವು ಇನ್ನೂ ಬಳಕೆಗೆ ಬಂದಿಲ್ಲ. ಮಡಗಾಸ್ಕರ್‌ನಲ್ಲಿರಲಿ, ಶಿರಸಿ ಸೀಮೆಯಲ್ಲಿರಲಿ, ತೋಟದಲ್ಲಿ ಕಟ್ಟುವ ಪ್ರತಿಯೊಂದು ವೆನಿಲ್ಲಾ ಕೋಡಿನ ಹಿಂದೆ ಒಂದು ಕಡ್ಡಿ ಮತ್ತು ಒಂದು ಹೆಬ್ಬೆರಳಿನ ಕೆಲಸವಿದೆ.